ಒಂದೇ ತಟ್ಟೆಯಲ್ಲಿ ಬೇಯುವ ಖೀಮಾ-ಚೀಸ್ ಸ್ಲೈಡರ್

ಮನೆಗೆ ಹತ್ತಾರು ಮಂದಿ ಊಟಕ್ಕೆ ಬರುವ ದಿನ ಒಂದೊಂದೇ ಬರ್ಗರ್ ಮಾಡುತ್ತ ಒಲೆಯ ಮುಂದೆ ನಿಲ್ಲುವುದಕ್ಕಿಂತ, ಅಮೆರಿಕದವರು ಸ್ಲೈಡರ್ ಎನ್ನುವ ಪುಟ್ಟ ಬರ್ಗರ್‌ಗಳನ್ನು ಓವನ್‌ನಲ್ಲಿ ಒಟ್ಟಿಗೆ ಬೇಯಿಸುವುದು ಸುಲಭ. ಬೇಕರಿಯಿಂದ ತಂದ, ಒಂದಕ್ಕೊಂದು ಅಂಟಿಕೊಂಡಿರುವ ಪಾವ್‌ಗಳನ್ನು ಬಿಡಿಸದೆ ಇಡಿಯಾಗಿಯೇ ಅಡ್ಡಲಾಗಿ ಸೀಳಿ, ಕೆಳಭಾಗವನ್ನು ಕಾವಲಿಯ ಮೇಲೆ ನಸುಗೆಂಪಾಗುವಂತೆ ಬಿಸಿ ಮಾಡಿಕೊಳ್ಳಿ; ಇದನ್ನು ಬಿಟ್ಟರೆ ಮಾಂಸದ ರಸ ಇಳಿದು ಪಾವ್ ಮುದ್ದೆಯಾಗುತ್ತದೆ.

ಖೀಮಾವನ್ನು ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯೊಂದಿಗೆ ನೀರು ಪೂರ್ತಿ ಆರುವವರೆಗೆ ಹುರಿಯಬೇಕು. ಸೌಟಿನಿಂದ ಬದಿಗೆ ಸರಿಸಿದಾಗ ಬಾಣಲೆಯ ತಳದಲ್ಲಿ ಎಣ್ಣೆ ಮಾತ್ರ ಕಾಣಿಸಿದರೆ ಅದು ಸಿದ್ಧವಾಗಿದೆ ಎಂದರ್ಥ. ಅದನ್ನು ಪಾವ್ ಮೇಲೆ ಹರಡಿ, ತುರಿದ ಮೊಜರೆಲ್ಲಾ ಚೀಸನ್ನು ಧಾರಾಳವಾಗಿ ಉದುರಿಸಿ, ಮೇಲ್ಭಾಗವನ್ನು ಮುಚ್ಚಿ.

ಮೇಲೆ ಸವರಲು ಬೆಣ್ಣೆ ಬೇಕು. ದಾವಣಗೆರೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಕಡೆಯ ಹಸಿ ಬೆಣ್ಣೆಯಲ್ಲಿ ನೀರಿನಂಶ ಇರುವುದರಿಂದ, ಕರಗಿಸಿ ಮೇಲಿನ ತಿಳಿಯನ್ನಷ್ಟೇ ಬಳಸಿ, ಜಜ್ಜಿದ ಬೆಳ್ಳುಳ್ಳಿಯನ್ನೂ ಕೊತ್ತಂಬರಿ ಸೊಪ್ಪನ್ನೂ ಅದಕ್ಕೆ ಬೆರೆಸಿಕೊಳ್ಳುವುದು ಒಳ್ಳೆಯದು. ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಫಾಯಿಲ್ ಮುಚ್ಚಿ 10 ನಿಮಿಷ, ತೆಗೆದು ಇನ್ನೈದು ನಿಮಿಷ ಇಟ್ಟರೆ ಚೀಸ್ ಕರಗಿ ಮೇಲ್ಮೈ ಹೊಂಬಣ್ಣಕ್ಕೆ ತಿರುಗುತ್ತದೆ. ಮಾಂಸ ತಿನ್ನದವರಿಗೆ ಪನೀರ್ ಪಲ್ಯ ತುಂಬಿದ ತಟ್ಟೆಯನ್ನು ಪ್ರತ್ಯೇಕವಾಗಿಯೇ ಬೇಯಿಸಿ. ಹೊರತೆಗೆದ ಕೂಡಲೇ ಕತ್ತರಿಸಿದರೆ ಚೀಸ್ ಹರಿದುಹೋಗುತ್ತದೆ, ಆದ್ದರಿಂದ ಐದು ನಿಮಿಷ ಆರಲು ಬಿಟ್ಟು ಹಲ್ಲಿನ ಚಾಕುವಿನಿಂದ ಬಿಡಿಸಿ ಬಡಿಸಿ.