ಚಿತ್ತೆ ಮಳೆ, ಮಂಜು, ಬಿಸಿಲು: ಹೊರಗಿಟ್ಟ ಕುಂಬಳಕಾಯಿ ಕೊಳೀದಂಗೆ ನೋಡ್ಕೊಳ್ಳೋದು ಹೇಗೆ

ಅಕ್ಟೋಬರ್ ಬಂತು ಅಂದ್ರೆ ನಮ್ಮ ಕೊಡಗಿನ ಕಡೆ ಎಲ್ಲಾ ಮನೇಲೂ ಇದೇ ನಡೆಯುತ್ತೆ. ಗದ್ದೆ ಬದೀಲೋ ಗೊಬ್ಬರಗುಂಡಿ ಪಕ್ಕಾನೋ ಹಬ್ಬಿದ ಬಳ್ಳಿಯಿಂದ ಎಂಟ್ಹತ್ತು ಕುಂಬಳಕಾಯಿ ಕಿತ್ಕೊಂಡು ಬಂದು ಅಂಗಳದಲ್ಲಿ ಗುಡ್ಡೆ ಹಾಕ್ತಾರೆ, ಮಧ್ಯಾಹ್ನ ಮೋಡ ಕಟ್ತು ಅಂತ ಮೇಲೆ ನೀಲಿ ಟಾರ್ಪಾಲ್ ಎಳೀತಾರೆ, ಆಮೇಲೆ ವಾರಗಟ್ಟಲೆ ಯಾರೂ ಅತ್ತ ತಿರುಗಿ ನೋಡಲ್ಲ. ಹುತ್ತರಿ ಸುಗ್ಗಿಹಬ್ಬಕ್ಕೆ ಬೇಕು ಅಂತ ಟಾರ್ಪಾಲ್ ತೆಗೆದು ಅಡೀಲಿರೋ ಕಾಯಿ ಎತ್ತೋಕೆ ಹೋದ್ರೆ ಹೆಬ್ಬೆರಳು ಸೀದಾ ಒಳಗೆ ಹೋಗುತ್ತೆ. ಹೋದ ವರ್ಷ ಪಕ್ಕದ ಮನೇಲಿ ಹನ್ನೆರಡರಲ್ಲಿ ಒಂಬತ್ತು ಹೀಗೇ ಹಾಳಾಯ್ತು, ಪಾಪ ಅವ್ರು ಮಳೇನ ಬೈತಾ ಇದ್ರು. ಕಾಯಿ ಕೊಳೆಸಿದ್ದು ಟಾರ್ಪಾಲ್.

ನಾನು ಹೇಳ್ತಿರೋದು ಸಿಹಿಗುಂಬಳದ ಬಗ್ಗೆ, ಕೆಲವ್ರು ಚೀನಿಕಾಯಿ ಅಂತಾರಲ್ಲ ಅದು. ಬೂದುಗುಂಬಳದ ಮೈಮೇಲಿರೋ ಬೂದಿ ಒಂಥರಾ ಮೇಣ, ಅದೇ ಅದಕ್ಕೆ ರಕ್ಷಣೆ, ಅದನ್ನ ಒರೆಸ್ಲೇಬೇಡಿ, ಹಗ್ಗ ಕಟ್ಟಿ ಗಾಳಿ ಆಡೋ ಕಡೆ ತೂಗುಹಾಕಿದ್ರೆ ಸಾಕು.

ಮೊದ್ಲು ಕೀಳೋದು. ಉಗುರಿಂದ ಒತ್ತಿ ನೋಡಿ, ಸಿಪ್ಪೆಗೆ ಉಗುರು ಇಳೀಬಾರ್ದು, ತೊಟ್ಟು ಒಣಗಿ ಗಟ್ಟಿಯಾಗಿರ್ಬೇಕು. ಮಳೆ ಬಿಟ್ಟ ದಿನ, ಕಾಯಿ ಮೈ ಒಣಗಿದ ಮೇಲೆ ಕತ್ತೀಲಿ ಕಡೀರಿ, ತಿರುಚಿ ಕೀಳ್ಬೇಡಿ. ಮೂರ್ನಾಲ್ಕು ಇಂಚು ತೊಟ್ಟು ಕಾಯಿ ಜೊತೇಲೇ ಇರ್ಲಿ. ಆ ತೊಟ್ಟು ಹಿಡ್ಕೊಂಡು ಕಾಯಿ ಎತ್ಬೇಡಿ, ಅದು ಮುರಿದ ಜಾಗದಿಂದ್ಲೇ ಕೊಳೆ ಒಳಗೆ ಇಳಿಯೋದು.

ಆಮೇಲೆ ಆರಿಸೋದು. ಪ್ರತಿ ಕಾಯೀನೂ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿ. ಸೂಜಿ ಚುಚ್ಚಿದಷ್ಟು ಸಣ್ಣ ತೂತು, ಅದರ ಮೇಲೆ ಜೇನಿನ ಬಣ್ಣದ ಅಂಟು ಹನಿ ಗಟ್ಟಿಯಾಗಿ ಕೂತಿದ್ರೆ ಅದು ಹಣ್ಣುನೊಣ ಮೊಟ್ಟೆ ಇಟ್ಟ ಜಾಗ. ಹೊರಗಿಂದ ಕಾಯಿ ಚೆನ್ನಾಗೇ ಕಾಣುತ್ತೆ, ಒಳಗೆ ಹುಳ ಇರ್ಬಹುದು. ಅಂಥದ್ದು, ಗಾಯ ಆಗಿದ್ದು, ತೊಟ್ಟು ಬಿದ್ದಿದ್ದು ಎಲ್ಲಾ ಬೇರೆ ಇಡಿ, ಅವನ್ನ ಮೊದ್ಲು ಹೆಚ್ಚಿ ಒಳ್ಳೇ ಭಾಗ ಅಡುಗೆಗೆ ತಗೊಳ್ಳಿ. ನಮ್ಮನೇಲಿ ಕಾವೇರಿ ಸಂಕ್ರಮಣದ ದೋಸೆ ಜೊತೆಗಿನ ಕುಂಬಳಕಾಯಿ ಸಾರಿಗೆ ಹೋಗೋದು ಇವೇ.

ಉಳಿದವನ್ನ ಒದ್ದೆ ಬಟ್ಟೇಲಿ ಒರೆಸಿ ಮಣ್ಣು ತೆಗೀರಿ. ತುಂಬಾ ದಿನ ಇಡೋದಾದ್ರೆ 1 ಪಾಲು ಲಿಕ್ವಿಡ್ ಬ್ಲೀಚ್‌ಗೆ 10 ಪಾಲು ನೀರು ಬೆರೆಸಿ ಅದರಲ್ಲಿ ಒರೆಸ್ಬಹುದು, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಬೇರೆ ಕ್ಲೀನರ್ ಯಾವ್ದೂ ಸೇರಿಸ್ಬೇಡಿ, ಕೂಡ್ಲೇ ಒಣಗಿಸಿ. ಹೊಳಪು ಬರುತ್ತೆ, ಬಾಳಿಕೆ ಬರುತ್ತೆ ಅಂತ ವ್ಯಾಸಲಿನ್, ಎಣ್ಣೆ, ವಾರ್ನಿಶ್ ಹಚ್ಚೋರಿದ್ದಾರೆ, ಹೋಂಸ್ಟೇ ಮೆಟ್ಟಿಲ ಮೇಲೆ ಅಲಂಕಾರಕ್ಕೆ ಜೋಡಿಸೋರಂತೂ ಜಾಸ್ತಿ. ನಮ್ಮ ಹವೆಗೆ ಇದು ಬೇಡ. ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಬರೋಕೆ ದಾರಿ ಇರಲ್ಲ, ಧೂಳು ಬೇರೆ ಅಂಟುತ್ತೆ, ವಾರ್ನಿಶ್ ಹಚ್ಚಿದ ಕಾಯಿ ತಿನ್ನೋಕೂ ಬರಲ್ಲ.

ಇನ್ನು ಸಿಪ್ಪೆ ಬಲಿಸ್ಬೇಕು. ಅದಕ್ಕೆ 27ರಿಂದ 29 ಡಿಗ್ರಿ ಬಿಸಿ, 10ರಿಂದ 14 ದಿನ. ಕುಶಾಲನಗರದ ಕಡೆ ಬಿಸಿಲು ಸಿಗೋದ್ರಿಂದ ಅಂಗಳದಲ್ಲೇ ಆಗುತ್ತೆ. ಮಡಿಕೇರಿ, ಗಾಳಿಬೀಡು, ಭಾಗಮಂಡಲದ ಕಡೆ ಅಷ್ಟು ಬಿಸಿ ಹೊರಗೆ ಸಿಗಲ್ಲ, ಸೌದೆ ಒಲೆ ಇರೋ ಅಡುಗೆಮನೆ ಅಟ್ಟದ ಮೇಲೆ ಎರಡು ವಾರ ಇಟ್ಟು ಆಮೇಲೆ ಹೊರಗೆ ತನ್ನಿ. ಇದನ್ನ ಬಿಟ್ಟು ಸೀದಾ ಹೊರಗಿಟ್ರೆ ಮುಂದೆ ಏನು ಮಾಡಿದ್ರೂ ಅಷ್ಟು ಬಾಳಿಕೆ ಬರಲ್ಲ.

ಈಗ ಎಲ್ರೂ ಎಡವೋ ಜಾಗ, ಹೊರಗೆ ಇಡೋದು. ಒಂದಿನ ಬೆಳಿಗ್ಗೆ ಮಂಜು ಕರಗಿ ಬಿಸಿಲು ಬಿದ್ದ ಮೇಲೆ, ಒಂಬತ್ತೂವರೆ ಹೊತ್ತಿಗೆ ಹೋಗಿ ಕಾಯಿ ಮೇಲೆ ಅಂಗೈ ಆಡಿಸಿ ನೋಡಿ. ರಾತ್ರಿ ಒಂದು ಹನಿ ಮಳೆ ಬರದಿದ್ರೂ ಕೈ ಒದ್ದೆ ಆಗುತ್ತೆ. ರಾತ್ರಿ ಚಳೀಲಿ ತಣ್ಣಗಾದ ಮೂರ್ನಾಲ್ಕು ಕಿಲೋ ಕಾಯಿ ಅಷ್ಟು ಬೇಗ ಬಿಸಿ ಆಗಲ್ಲ, ಸುತ್ತಲಿನ ಗಾಳಿ ಬಿಸಿ ಆಗಿರುತ್ತೆ, ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಬೆವರುತ್ತಲ್ಲ ಹಾಗೆ ಗಾಳೀಲಿರೋ ತೇವ ಎಲ್ಲಾ ಸಿಪ್ಪೆ ಮೇಲೆ ನೀರಾಗುತ್ತೆ. ಆ ನೀರು ಇಳ್ಕೊಂಡು ಹೋಗಿ ತೊಟ್ಟಿನ ಬುಡದ ಗುಳೀಲಿ ನಿಲ್ಲುತ್ತೆ. ಟಾರ್ಪಾಲ್ ಮುಚ್ಚಿದ್ರೆ ಸಂಜೆವರೆಗೂ ಅಲ್ಲೇ ಇರುತ್ತೆ, ಎರಡೇ ದಿನದಲ್ಲಿ ಅಲ್ಲಿ ಬಿಳೀ ಬೂಸ್ಟು ಕಾಣಿಸ್ಕೊಳ್ಳುತ್ತೆ.

ಅದಕ್ಕೇ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಜೋಡಿಸಿ, ಮೇಲೆ ಸಿಲ್ವರ್ ಓಕ್ ಮರದ ತೆಳು ಪಟ್ಟಿ, ಅಂದ್ರೆ ರೀಪರ್‌ಗಳನ್ನ ಎರಡೆರಡು ಇಂಚು ಬಿಟ್ಟು ಹಾಸಿ. ಬಿದಿರು ತಟ್ಟಿ ಆದ್ರೂ ಆಗುತ್ತೆ. ಕಾಯಿ ಒಂದೇ ಸಾಲು, ಒಂದಕ್ಕೊಂದು ತಾಗ್ಬಾರ್ದು, ನಡುವೆ ನಾಲ್ಕು ಬೆರಳು ಜಾಗ ಬಿಡಿ. ಸ್ವಲ್ಪ ವಾಲಿಸಿ ಇಡಿ, ಆಗ ಗುಳೀಲಿ ನೀರು ನಿಲ್ಲಲ್ಲ. ಕೆಳಗೆ ಮೆತ್ತಗಿರ್ಲಿ ಅಂತ ಭತ್ತದ ಹುಲ್ಲು, ಗೋಣಿ, ಪೇಪರ್ ಹಾಸೋರನ್ನ ನೋಡಿದ್ದೀನಿ. ಒಣ ಸೀಮೇಲಿ ಅದು ಸರಿ, ನಮ್ಮಲ್ಲಿ ಹುಲ್ಲು ಒಂದು ಸಲ ತೇವ ಕುಡಿದ್ರೆ ವಾರ ಆದ್ರೂ ಒಣಗಲ್ಲ. ಬರೀ ರೀಪರ್ ಸಾಕು.

ಮೇಲೆ ಶೀಟು, ಸುತ್ತ ಎರಡು ಅಡಿ ಚಾಚ್ಕೊಂಡಿರ್ಲಿ, ಪಕ್ಕ ಎಲ್ಲಾ ಖಾಲಿ ಬಿಡಿ. ಎರಚಲು ಜೋರಾದ್ರೆ ಗಾಳಿ ಬೀಸೋ ಒಂದು ಕಡೆ ಮಾತ್ರ ಟಾರ್ಪಾಲ್ ಇಳಿಸಿ, ಮಳೆ ನಿಂತ ಕೂಡ್ಲೇ ಸುತ್ತಿ ಮೇಲೆ ಕಟ್ಟಿ. ಮಧ್ಯಾಹ್ನದ ನೇರ ಬಿಸಿಲೂ ಬೇಡ, ಸಿಪ್ಪೆ ಸುಟ್ಟು ಬಿಳಿಚಿಕೊಂಡು ಅಲ್ಲಿಂದ ಮೆತ್ತಗಾಗುತ್ತೆ, ಆ ಕಡೆಗೆ ಶೇಡ್ ನೆಟ್ ಕಟ್ಟಿ. ದಿನಾ ಹತ್ತು ಗಂಟೆ ಸುಮಾರಿಗೆ ಹಳೇ ಕಾಟನ್ ಪಂಚೆ ತುಂಡಲ್ಲಿ ಒರೆಸಿ, ತೊಟ್ಟಿನ ಸುತ್ತ ಬೆರಳು ಹಾಕಿ ಒರೆಸಿ. ಹತ್ತು ಕಾಯಿಗೆ ಐದು ನಿಮಿಷ ಸಾಕು. ನಾಲ್ಕೈದು ದಿನಕ್ಕೊಮ್ಮೆ ಮಗ್ಗುಲು ಬದಲಿಸಿ, ಅಡಿ ಭಾಗ ಒತ್ತಿ ನೋಡಿ, ಮೆತ್ತಗಾಗಿದ್ದನ್ನ ಆಗ್ಲೇ ತೆಗೀರಿ. ಬಾಳೆಗೊನೆ ಅದರ ಪಕ್ಕ ನೇತುಹಾಕ್ಬೇಡಿ, ಮಾಗೋ ಹಣ್ಣಿನಿಂದ ಬರೋ ಎಥಿಲೀನ್‌ಗೆ ಕಾಯಿ ಬೇಗ ಹಾಳಾಗುತ್ತೆ.

ಸಿದ್ದಾಪುರದ ಕಡೆ ಹಾಗೆ ಆನೆ ಓಡಾಡೋ ಜಾಗದಲ್ಲಿರೋರು ಇಷ್ಟೆಲ್ಲಾ ಹೊರಗೆ ಮಾಡೋಕೆ ಹೋಗ್ಬೇಡಿ. ಅವು ಕುಂಬಳಕಾಯಿ ತಿನ್ನೋಕೆ ಬಂದ್ರೆ ಕಾಯಿ ಹೋಗೋದಲ್ದೆ ಮನೆ ಗೋಡೇಗೂ ಜೀವಕ್ಕೂ ಅಪಾಯ. ಹಗಲು ಹೊರಗೆ, ಸಂಜೆ ಆರರ ಒಳಗೆ ಬುಟ್ಟೀಲಿ ಹೊತ್ಕೊಂಡು ಹೋಗಿ ಬಾಗಿಲು ಹಾಕೋ ಕೋಣೆಗೆ.

ಸ್ವಾತಿ ಮಳೆ ಮುಗಿದು ಗಾಳಿ ಒಣಗಿದ ಮೇಲೆ ಒರೆಸೋ ಕೆಲಸ ಕಡಿಮೆ ಆಗುತ್ತೆ. ಆದ್ರೆ ಡಿಸೆಂಬರಲ್ಲಿ ಚಳಿ 10 ಡಿಗ್ರಿ ಹತ್ರ ಇಳಿಯೋಕೆ ಶುರುವಾದ್ರೆ ಹೊರಗೆ ಬಿಡ್ಬೇಡಿ, ಅದಕ್ಕಿಂತ ಕೆಳಗೆ ಸಿಪ್ಪೆ ಚಳಿಗೆ ಹೊಡೆತ ತಿಂದು ಆಮೇಲೆ ಕೊಳೆಯುತ್ತೆ. ಒಳಗೆ ಗಾಳಿ ಆಡೋ ಕೋಣೇಲಿ, ಮಂಚದ ಕೆಳಗೆ ಹಲಗೆ ಹಾಸಿ ಇಡಿ, ಚೆನ್ನಾಗಿ ಬಲಿತ ಕಾಯಿ ಒಟ್ಟು ಎರಡು ಮೂರು ತಿಂಗಳು ಬರುತ್ತೆ, ಹೆಚ್ಚಿದ್ದನ್ನ ಮಾತ್ರ ಫ್ರಿಜ್ಜಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ.