ಸಿಗಾರ್ ಪೆಟ್ಟಿಗೆಯ ಗಿಟಾರ್‌ಗೆ ಪೀಜೋ ಕೂರಿಸಿದ್ದು

ಪೆಟ್ಟಿಗೆ ಕೊಟ್ಟವರು ನಮ್ಮ ಪಕ್ಕದ ತೋಟದ ಹಿರಿಯರು, ಸೇನೆಯಲ್ಲಿದ್ದು ನಿವೃತ್ತರಾದವರು. ಬೀರು ಖಾಲಿ ಮಾಡುವಾಗ ಸಿಕ್ಕಿತಂತೆ. ಮರದ ಸಿಗಾರ್ ಪೆಟ್ಟಿಗೆ, ಹಿತ್ತಾಳೆಯ ಚಿಲಕ, ಮುಚ್ಚಳ ತೆರೆದರೆ ಈಗಲೂ ಹಳೇ ತಂಬಾಕಿನ ಘಮ. "ಎಸೆಯೋಕೆ ಮನಸ್ಸು ಬರಲ್ಲ, ನೀನೇ ಏನಾದ್ರೂ ಮಾಡು" ಅಂದರು. ಇಂಥ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ತಂತಿ ಕಟ್ಟಿ ನುಡಿಸುವುದನ್ನು 19ನೇ ಶತಮಾನದಲ್ಲೇ ಅಮೆರಿಕದ ಬಡವರು ಶುರು ಮಾಡಿದ್ದರು ಅಂತ ಓದಿದ್ದೆ. ಮನಸ್ಸು ಅಲ್ಲಿಗೇ ಹೋಯಿತು.

ಕೋಲಿಗೆ ನಮ್ಮದೇ ತೋಟದ ಹಲಸು. ವೀಣೆಗೂ ಅದೇ ಮರ ತಾನೇ! ನಾಲ್ಕು ವರ್ಷ ಅಟ್ಟದ ಮೇಲೆ ಒಣಗಿದ್ದ ರೀಪು, ಆಚಾರ್ರು ಸೋಮವಾರಪೇಟೆಯ ತಮ್ಮ ಅಂಗಡಿಯಲ್ಲಿ ಹತ್ತೇ ನಿಮಿಷದಲ್ಲಿ ನೇರ ಮಾಡಿಕೊಟ್ಟರು. ಗಿಟಾರ್ ತಂತಿ ಸೆಟ್ಟಿನ ಐದನೆಯದು, ನಾಲ್ಕನೆಯದು, ಮೂರನೆಯದು ಹಾಕಿ ಜಿ-ಡಿ-ಜಿಗೆ ಕೂಡಿಸಿದೆ. ನಮ್ಮ ಲೆಕ್ಕದಲ್ಲಿ ಸ-ಪ-ಸ. ಬಾಗಿಲಿನ ಒಂದು ಹಿಂಜ್‌ಗೆ ತಂತಿಗಳ ಬುಡ ಸಿಕ್ಕಿಸಿದೆ, ತಂತಿಗಳನ್ನು ಮುಚ್ಚಳದಿಂದ ಎತ್ತಿ ಹಿಡಿಯುವ ಕುದುರೆಯಾಗಿ ಒಂದು ಬೋಲ್ಟೇ ಆಯಿತು.

ಇಷ್ಟರಲ್ಲಿ ಕಕ್ಕಡದ (ನಮ್ಮ ಕೊಡಗಿನ ಜೋರು ಮಳೆಯ ತಿಂಗಳು) ಮಳೆ ಹಿಡಿಯಿತು. ನಮ್ಮ ಮನೆ ಹಿಂದಿನ ಚಾವಡಿಗೆ ಶೀಟು ಹೊದಿಸಿದೆ. ಅದರ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಇನ್ನು ಅಂಗೈಯಗಲದ ಪೆಟ್ಟಿಗೆಯ ದನಿ ಎಲ್ಲಿ ಕೇಳಬೇಕು? ಹಾಗಾಗಿ ದನಿಯನ್ನು ಎತ್ತಿ ಸ್ಪೀಕರಿಗೆ ಕೊಡುವ ಪಿಕಪ್ ಬೇಕಾಯಿತು, ಅದಕ್ಕೆ ಪೀಜೋ ಡಿಸ್ಕ್ ಆರಿಸಿದೆ.

ಪೀಜೋ ಡಿಸ್ಕ್ ಅಂದರೆ ಬಜರ್‌ಗಳೊಳಗೆ ಇರುವ ತೆಳು ಬಿಲ್ಲೆ. ನಾನು ತಂದದ್ದು 27 ಮಿ.ಮೀ. ಅಗಲದ್ದು. ಹಿತ್ತಾಳೆ ತಟ್ಟೆ, ನಡುವೆ ಬಿಳಿ ಸೆರಾಮಿಕ್. ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದಾಗ ಕಿಡಿ ಹಾರುವುದೂ ಇದೇ ಜಾತಿಯ ವಸ್ತುವಿನಿಂದ. ಒತ್ತಿದರೆ, ಬಗ್ಗಿಸಿದರೆ ವಿದ್ಯುತ್ ಹುಟ್ಟುತ್ತದೆ. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು ಹರಳುಗಳಲ್ಲಿ ಕಂಡುಕೊಂಡ ಗುಣ ಇದು. ಪೆಟ್ಟಿಗೆಯ ಮುಚ್ಚಳ ನಡುಗಿದಂತೆಲ್ಲ ಬಿಲ್ಲೆಯೂ ಕೂದಲೆಳೆಯಷ್ಟು ಬಾಗುತ್ತದೆ, ಆ ಬಾಗುವಿಕೆಯೇ ವಿದ್ಯುತ್ತಾಗಿ ವೈರಿನಲ್ಲಿ ಹರಿಯುತ್ತದೆ.

ಮೊದಲನೇ ಬಿಲ್ಲೆಯನ್ನು ಬೆಸುಗೆಯಲ್ಲೇ ಕಳೆದುಕೊಂಡೆ. ಹಿತ್ತಾಳೆ ಭಾಗ ಕಾಯಲು ಸ್ವಲ್ಪ ಹೊತ್ತು ಬೇಕು, ಅಲ್ಲಿ ಅವಸರವಿಲ್ಲ. ಆದರೆ ಬಿಳಿ ಭಾಗದ ಮೇಲಿರುವುದು ಬರೀ ಬೆಳ್ಳಿಯ ಲೇಪ. ಅಲ್ಲೂ ಅಷ್ಟೇ ಹೊತ್ತು ಬೆಸುಗೆಯ ಐರನ್ ಇಟ್ಟೆ. ಲೇಪ ಸಿಪ್ಪೆಯ ಹಾಗೆ ಎದ್ದು ಬಂತು, ಕೆಳಗೆ ಮಾಸಲು ಸೆರಾಮಿಕ್ ಕಂಡಿತು. ಕಾವು ಹೆಚ್ಚಾದರೆ ಸೆರಾಮಿಕ್ಕಿನ ಆ ಗುಣವೇ ಹೋಗಿಬಿಡುತ್ತದೆ. ಎರಡನೇ ಬಿಲ್ಲೆಗೆ ಮೊದಲು ವೈರಿನ ತುದಿಗೆ ಬೆಸುಗೆಯ ಸೀಸ ಹಚ್ಚಿಕೊಂಡೆ. ಬಿಳಿ ಭಾಗದ ಅಂಚಿಗೆ ಹತ್ತಿರ, ಸಾಸಿವೆ ಕಾಳಿನಷ್ಟು ಸೀಸ ಬಿಟ್ಟು, ಮನಸ್ಸಿನಲ್ಲಿ ಒಂದು-ಎರಡು ಎಣಿಸುವಷ್ಟರಲ್ಲಿ ಐರನ್ ಎತ್ತಿದೆ. ಹಿಡಿಯಿತು. ಜೋಡಣೆಯ ಮೇಲೆ ಒಂದು ತೊಟ್ಟು ಹಾಟ್ ಗ್ಲೂ ಬಿಟ್ಟೆ, ವೈರು ಎಳೆದಾಗ ಬೆಸುಗೆಯ ಮೇಲೆ ಭಾರ ಬೀಳದ ಹಾಗೆ. ಇದೊಂದನ್ನು ಯಾರೂ ಬಿಡಬಾರದು.

ಅಂಟಿಸುವ ಜಾಗ ಹುಡುಕುವುದಕ್ಕೆ ಒಂದು ಇಡೀ ಭಾನುವಾರ ಕೊಟ್ಟೆ. ಬಿಲ್ಲೆಗೆ ಎರಡು ಬದಿಯ ಟೇಪ್ ಹಚ್ಚಿ, ಮುಚ್ಚಳದ ಒಳಮೈಯಲ್ಲಿ ಒಂದೊಂದೇ ಕಡೆ ಒತ್ತಿ, ಪ್ರತಿಸಲವೂ ಅದೇ ತಂತಿ ಮೀಟಿ ಕೇಳಿದೆ. ಕುದುರೆಯ ಅಡಿಗೇ ಇಟ್ಟರೆ ದನಿ ಜೋರು, ಆದರೆ ಮೀಟಿದ ಕೂಡಲೇ "ಟಕ್" ಅನ್ನುವ ಏಟು ಮುಂದೆ ಬರುತ್ತದೆ, ಅಂಗೈ ಒರೆಸಿದ್ದೂ ಕೇಳುತ್ತದೆ. ಪೆಟ್ಟಿಗೆಯ ಅಂಚಿಗೆ ಹೋದರೆ ಮುಚ್ಚಳ ಅಲುಗುವುದೇ ಕಡಿಮೆ, ದನಿ ಸೊರಗುತ್ತದೆ. ನನ್ನ ಪೆಟ್ಟಿಗೆಗೆ ಒಪ್ಪಿದ್ದು ಕುದುರೆಯಿಂದ ಎರಡು ಬೆರಳು ದೂರ, ದಪ್ಪ ತಂತಿಯ ಕಡೆಗೆ. ಇನ್ನೊಬ್ಬರ ಪೆಟ್ಟಿಗೆಗೆ ಬೇರೆ ಜಾಗ ಇರಬಹುದು, ಅವರವರೇ ಕೇಳಿಯೇ ನಿರ್ಧರಿಸಬೇಕು. ಹಿತ್ತಾಳೆಯ ಚಪ್ಪಟೆ ಮೈಯನ್ನು ಮರಕ್ಕೆ ತಾಗಿಸಿ ಅರಾಲ್ಡೈಟ್ ತೆಳ್ಳಗೆ ಹಚ್ಚಿ ಅಂಟಿಸಿದೆ. ಬೆನ್ನಿಗೆ ಸ್ವಲ್ಪ ಫೋಮ್ ಒತ್ತಿಟ್ಟೆ, ಚೂಪು ತುಸು ಇಳಿಯಿತು.

ಆಮೇಲೆ ಡಿ ತಂತಿ ಮೀಟಿದಾಗ ಮಾತ್ರ ಒಂದು ಝೇಂಕಾರ. ಬೇರೆ ಎರಡರಲ್ಲಿ ಇಲ್ಲ. ಅಂಟು ಬಿಟ್ಟಿದೆಯೇನೋ ಅಂತ ಕನ್ನಡಿ ಇಟ್ಟು ನೋಡಿದೆ, ಬಿಟ್ಟಿರಲಿಲ್ಲ. ಕೊನೆಗೆ ಮೀಟುತ್ತಲೇ ಪೆಟ್ಟಿಗೆಯ ಒಂದೊಂದು ಭಾಗವನ್ನು ಬೆರಳಿನಿಂದ ಒತ್ತುತ್ತಾ ಬಂದೆ. ಚಿಲಕ ಒತ್ತಿದಾಗ ಝೇಂಕಾರ ನಿಂತಿತು. ಅದರ ನಾಲಿಗೆ ಆ ಒಂದು ಸ್ವರಕ್ಕೇ ಅದುರುತ್ತಿತ್ತು. ಹಳೇ ಪಂಚೆಯ ಚೂರು ಮಡಚಿ ಚಿಲಕದ ಹಿಂದೆ ತುರುಕಿದೆ. ಬರಿಗಿವಿಗೆ ಕೇಳಿಸದ ಸಣ್ಣ ಸಡಿಲವನ್ನೂ ಪೀಜೋ ಎತ್ತಿ ತೋರಿಸುತ್ತದೆ.

ಮುಂದೆ ಗುಂಯ್ ಅನ್ನುವ ಸದ್ದು. ಅದು ಮನೆಯ ಕರೆಂಟಿನ 50 ಹರ್ಟ್ಸ್. ನಾನು ಬಳಸಿದ್ದ ಸಾದಾ ಜೋಡಿ ವೈರು ಅದನ್ನು ಏರಿಯಲ್ ಥರ ಹಿಡಿಯುತ್ತಿತ್ತು. ಮೈಕಿಗೆ ಬಳಸುವ ಶೀಲ್ಡ್ ವೈರ್ ಹಾಕಿದೆ. ನಡುವಿನ ಎಳೆ ಬಿಳಿ ಭಾಗದಿಂದ ಜ್ಯಾಕಿನ (ಸ್ಪೀಕರಿನ ವೈರು ಚುಚ್ಚುವ ತೂತಿನ) ತುದಿಗೆ, ಹೊರ ಜಾಲರಿ ಹಿತ್ತಾಳೆಯಿಂದ ಜ್ಯಾಕಿನ ಮೈಗೆ. ಹಿಂಜ್‌ನಿಂದಲೂ ಒಂದು ಎಳೆ ಜ್ಯಾಕಿನ ಮೈಗೆ ತಂದೆ, ತಂತಿಗಳೆಲ್ಲ ಗ್ರೌಂಡ್ ಆದವು. ಒಂದು ಎಚ್ಚರಿಕೆ: ಹೀಗೆ ತಂತಿ ಗ್ರೌಂಡ್ ಮಾಡಿದ ಮೇಲೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕರೆಂಟಿನ ಆಂಪ್‌ಗೆ (ದನಿ ಹೆಚ್ಚಿಸುವ ಆಂಪ್ಲಿಫೈಯರ್‌ಗೆ) ಚುಚ್ಚಲೇಬೇಡಿ. ಆಂಪ್‌ನಲ್ಲಿ ದೋಷವಿದ್ದರೆ ಶಾಕ್ ನೇರ ಬೆರಳಿಗೆ ಬರುತ್ತದೆ. ನಾನು ಚಾರ್ಜ್ ಮಾಡಿದ ಬ್ಯಾಟರಿ ಸ್ಪೀಕರಿನಲ್ಲೇ ನುಡಿಸುತ್ತೇನೆ.

ಇಷ್ಟೆಲ್ಲ ಆದರೂ ದನಿ ನನಗೆ ಒಪ್ಪಲಿಲ್ಲ. ತೆಳ್ಳಗೆ, ಡಬ್ಬ ಬಡಿದ ಹಾಗೆ. ಸ ತಂತಿಯ ತುಂಬು ಬರಲೇ ಇಲ್ಲ. ಮೂರು ವಾರ ಬಿಲ್ಲೆಯನ್ನೇ ಅನುಮಾನಿಸಿದೆ. ಹೊಸದು ತಂದೆ, ಅಂಟು ಬದಲಿಸಿದೆ, ಫೋಮ್ ತೆಗೆದೆ, ಹಾಕಿದೆ. ವ್ಯತ್ಯಾಸವಿಲ್ಲ. ಒಮ್ಮೆ ಕುಶಾಲನಗರದ ಗೆಳೆಯನ ಮನೆಗೆ ಪೆಟ್ಟಿಗೆ ತೆಗೆದುಕೊಂಡು ಹೋದೆ. ಅವನ ಗಿಟಾರ್ ಆಂಪ್‌ಗೆ ಅದೇ ವೈರಿನಲ್ಲಿ ಸಿಕ್ಕಿಸಿ ದಪ್ಪ ತಂತಿ ಮೀಟಿದರೆ ಕೂತಿದ್ದ ಮರದ ಬೆಂಚು ನಡುಗಿತು. ಪೆಟ್ಟಿಗೆಯಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ!

ಅರ್ಥ ಬಿಡಿಸಿ ಹೇಳಿದ್ದು ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ. "ಮಾವ, ಆ ಬಿಲ್ಲೆ ಒಂದು ಕೆಪಾಸಿಟರ್, ಅಂದ್ರೆ ಚಾರ್ಜ್ ಹಿಡಿದಿಡೋ ಬಿಡಿಭಾಗ, ಅಂತಾನೇ ಲೆಕ್ಕ. ಮೀಟರಿನಲ್ಲಿ ಅಳೆದು ನೋಡಿ" ಅಂದ. ಅಳೆದೆ, 20 ನ್ಯಾನೋಫ್ಯಾರಡ್‌ನ ಆಸುಪಾಸು. ಕೆಪಾಸಿಟರಿನ ಮುಂದೆ ರೆಸಿಸ್ಟೆನ್ಸ್ ಕಡಿಮೆಯಾದಷ್ಟೂ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ನನ್ನ ಸ್ಪೀಕರಿನ ಆಕ್ಸ್ ಇನ್‌ಪುಟ್ ತೋರಿಸುವ ರೆಸಿಸ್ಟೆನ್ಸ್ 10 ಕಿಲೋಓಮ್. ಲೆಕ್ಕ ಹಾಕಿದರೆ ಸುಮಾರು 800 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಕರಗುತ್ತಾ ಹೋಗುತ್ತದೆ. ನನ್ನ ಮೂರು ತಂತಿಗಳೋ 98, 147, 196 ಹರ್ಟ್ಸ್. ಮೂರರ ಮೂಲ ಸ್ವರವೂ ಸ್ಪೀಕರ್ ಮುಟ್ಟುವ ಮೊದಲೇ ಸೊರಗಿ, ಮೇಲಿನ ಚೂಪಷ್ಟೇ ಉಳಿಯುತ್ತಿತ್ತು. ಗಿಟಾರ್ ಆಂಪ್‌ನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್ ಇರುತ್ತದೆ. ಅಲ್ಲಿ ಆ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ, ಕಿವಿಗೆ ಕೇಳುವುದೇನೂ ನಷ್ಟವಾಗುವುದಿಲ್ಲ. ಬಿಲ್ಲೆಯನ್ನು ಅಷ್ಟು ದಿನ ಸುಮ್ಮನೆ ಬೈದದ್ದಕ್ಕೆ ನಿಜವಾಗಿ ಬೇಸರವಾಯಿತು.

ಹಾಗಾಗಿ ಪೆಟ್ಟಿಗೆಯೊಳಗೇ ಒಂದು ಬಫರ್ ಕಟ್ಟಿದೆ, ಅಂದರೆ ಬಿಲ್ಲೆಗೆ ಹೆಚ್ಚಿನ ರೆಸಿಸ್ಟೆನ್ಸ್ ತೋರಿಸಿ ದನಿಯನ್ನು ಸ್ಪೀಕರಿಗೆ ದಾಟಿಸುವ ಸಣ್ಣ ಸರ್ಕ್ಯೂಟ್. ಟಿಎಲ್072 ಐಸಿ, 9 ವೋಲ್ಟ್ ಬ್ಯಾಟರಿ. ಎರಡು 100 ಕಿಲೋಓಮ್ ರೆಸಿಸ್ಟರ್‌ಗಳಿಂದ ಬ್ಯಾಟರಿಯ ವೋಲ್ಟೇಜನ್ನು ಅರ್ಧ ಮಾಡಿ, ಆ ನಡುಬಿಂದುವಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್. ಅಲ್ಲಿಂದಲೇ 2.2 ಮೆಗಾಓಮ್ ಮೂಲಕ ಐಸಿಯ ಪ್ಲಸ್ ಇನ್‌ಪುಟ್‌ಗೆ. ಬಿಲ್ಲೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ ಅದೇ ಇನ್‌ಪುಟ್‌ಗೆ ಬರುತ್ತದೆ. ಔಟ್‌ಪುಟ್ಟನ್ನು ಮೈನಸ್ ಇನ್‌ಪುಟ್‌ಗೆ ಕಟ್ಟಿದರೆ ದನಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಇನ್ನೊಂದು 10 ಮೈಕ್ರೋಫ್ಯಾರಡ್ ಮೂಲಕ ಜ್ಯಾಕಿಗೆ. ಐಸಿಯೊಳಗೆ ಎರಡು ಆಂಪ್ಲಿಫೈಯರ್ ಇರುತ್ತವೆ, ಬಳಸದಿರುವುದನ್ನು ತೇಲಲು ಬಿಡಬೇಡಿ. ಅದರ ಔಟ್‌ಪುಟ್ಟನ್ನೂ ಮೈನಸ್‌ಗೆ ಕಟ್ಟಿ, ಪ್ಲಸ್ಸನ್ನು ನಡುಬಿಂದುವಿಗೆ ಕೊಡಿ.

ಬೆಂಕಿಪೊಟ್ಟಣದಷ್ಟು ಬೋರ್ಡು. ಮೊದಲ ಸಲ ಸಿಕ್ಕಿಸಿದಾಗ ಹೊರಗೆ ಮಳೆ ಸುರಿಯುತ್ತಿತ್ತು. ಸ ತಂತಿಯೊಂದನ್ನೇ ಬಿಟ್ಟು ಬಿಟ್ಟು ಮೀಟಿದೆ. ಅಡುಗೆಮನೆಯಿಂದ ಹೆಂಡತಿ ಬಂದು, "ಇದು ಅದೇ ಪೆಟ್ಟಿಗೆಯಾ?" ಅಂತ ಕೇಳಿದಳು.

ಉಳಿದದ್ದು ಬ್ಯಾಟರಿಯ ವಿಷಯ. ಸ್ವಿಚ್ಚಿಗಾಗಿ ಪೆಟ್ಟಿಗೆಗೆ ಇನ್ನೊಂದು ತೂತು ಕೊರೆಯಲು ಮನಸ್ಸು ಬರಲಿಲ್ಲ. ಮೋನೋ ಜ್ಯಾಕ್ ತೆಗೆದು 6.35 ಮಿ.ಮೀ.ನ ಸ್ಟೀರಿಯೋ ಜ್ಯಾಕ್ ಹಾಕಿದೆ, ಬ್ಯಾಟರಿಯ ಮೈನಸ್ಸನ್ನು ಅದರ ನಡುವಿನ ರಿಂಗಿಗೆ ಬೆಸೆದೆ. ಮೋನೋ ಪಿನ್ ಒಳಗೆ ಹೋದಾಗ ರಿಂಗೂ ಮೈಯೂ ಕೂಡಿಕೊಂಡು ಬಫರ್ ಹೊತ್ತಿಕೊಳ್ಳುತ್ತದೆ, ಪಿನ್ ಎಳೆದರೆ ಆರುತ್ತದೆ. ಮಳೆಗಾಲದಲ್ಲಿ ಜ್ಯಾಕಿನ ಪತ್ತಿಗೆ ಕಿಲುಬು ಹಿಡಿದು ಕರಕರ ಅನ್ನುತ್ತದೆ, ತಿಂಗಳಿಗೊಮ್ಮೆ ಪಿನ್ನಿಗೆ ಸ್ಪಿರಿಟ್ ಹಚ್ಚಿ ನಾಲ್ಕು ಸಲ ಒಳಗೆ ಹೊರಗೆ ಆಡಿಸಿದರೆ ಸರಿಹೋಗುತ್ತದೆ.