ರೋಬೋ ನಾಯಿ, ಮರದ ಕುದುರೆ: ಪುಟ್ಟ ಮಕ್ಕಳಿಗೆ ಎರಡನ್ನೂ ಆಡಲು ಕೊಡುವುದು ಹೇಗೆ

ನಮ್ಮ ಮನೆಯಲ್ಲಿ ಎರಡು ಪ್ರಾಣಿಗಳಿವೆ. ಒಂದು ರೋಬೋ ನಾಯಿ, ಮಗಳ ನಾಲ್ಕನೇ ಹುಟ್ಟುಹಬ್ಬಕ್ಕೆ ಬಂದಿದ್ದು. ಇನ್ನೊಂದು ಮರದ ಕುದುರೆ, ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಕೊಂಡಿದ್ದು. ನಾಯಿ ಬೊಗಳುತ್ತದೆ, ಕುಣಿಯುತ್ತದೆ, ಹಾಡುತ್ತದೆ. ಮಗಳು ಬಟನ್ ಒತ್ತಿ ಎದುರಿಗೆ ಕೂತು ನೋಡುತ್ತಾಳೆ, ಅಷ್ಟೇ. ಕುದುರೆ ಏನೂ ಮಾಡುವುದಿಲ್ಲ. ಹಾಗಾಗಿ ಅದಕ್ಕೆ ಜ್ವರ ಬರುತ್ತದೆ, ಕರ್ಚೀಫ್ ಹೊದಿಸಬೇಕಾಗುತ್ತದೆ, ಕರಿಬೇವಿನ ಕಷಾಯ ಕುಡಿಯಲ್ಲ ಅಂತ ಹಟ ಬೇರೆ ಹಿಡಿಯುತ್ತದೆ.

ಇದು ನಮ್ಮ ಮನೆಯದಷ್ಟೇ ಕಥೆಯಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಶಾಲೆಗೆ ಸೇರುವ ಮುಂಚಿನ ವಯಸ್ಸಿನ 80 ಮಕ್ಕಳಿಗೆ ಸೋನಿಯ ಐಬೋ ರೋಬೋ ನಾಯಿಯನ್ನೂ ಒಂದು ಬಟ್ಟೆಯ ನಾಯಿಯನ್ನೂ ಕೊಟ್ಟು ನೋಡಿದ್ದರು. ಐಬೋ ಮುಂದೆ ಮಕ್ಕಳು ಅಳುಕಿದ್ದು ಜಾಸ್ತಿ, ಅದು ಏನಾದರೂ ಮಾಡಲಿ ಅಂತ ಕಾದಿದ್ದೂ ಜಾಸ್ತಿ. ಬಟ್ಟೆಯ ನಾಯಿಗೆ ಮಾತ್ರ ತಾವೇ ಜೀವ ತುಂಬಿದರು. ಅದನ್ನು ಹೊಡೆದಿದ್ದೂ ಜಾಸ್ತಿ ಅನ್ನಿ!

ಹಾಗಂತ ರೋಬೋ ಬೇಡ ಅಂತಲ್ಲ. ಅದನ್ನು ಕುದುರೆಯ ಕಥೆಯೊಳಗೆ ಎಳೆದುಕೊಳ್ಳಬೇಕು.

ಮೊದಲು ಕೊಳ್ಳುವ ವಿಷಯ. ತಾನೇ ಕುಣಿಯುವುದಕ್ಕಿಂತ ಮಗು ಹೇಳಿದಂತೆ ನಡೆಯುವ ರೋಬೋ ವಾಸಿ. ಬೀ-ಬಾಟ್ ಅಂತ ಜೇನುಹುಳದ ಆಕಾರದ್ದೊಂದು ಬರುತ್ತದೆ, ಬೆನ್ನ ಮೇಲೆ ಬಾಣದ ಗುರುತಿನ ಬಟನ್‌ಗಳು, ಪರದೆ ಇಲ್ಲ. ಭಾರತದಲ್ಲಿ ಮಾರುವ ಇಂಥ ರೋಬೋ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ, ಅದನ್ನು ನೋಡಿ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನಾಣ್ಯದಂಥ ಚಪ್ಪಟೆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಮರದ್ದಾದರೆ ಅರಗಿನ ಬಣ್ಣದ್ದು ಕೇಳಿ ತನ್ನಿ. ಬಾಯಿಗೆ ಹಾಕದೆ ಬಿಡುವ ಮಗು ಯಾವುದಿದೆ?

ಇನ್ನು ಆಟ. ಜಾಮಿಟ್ರಿ ಬಾಕ್ಸಿನ ಸಣ್ಣ ಸ್ಕೇಲ್ 15 ಸೆಂ.ಮೀ. ಇರುತ್ತದೆ, ಬೀ-ಬಾಟ್‌ನ ಒಂದು ಹೆಜ್ಜೆಯೂ ಅಷ್ಟೇ. ನೆಲದ ಮೇಲೆ ಆ ಅಳತೆಗೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಚೌಕ ಬರೆಯಿರಿ. ಒಂದು ಚೌಕ ಕುದುರೆ ಮಲಗಿರುವ ಲಾಯ, ಇನ್ನೊಂದು ಔಷಧಿ ಅಂಗಡಿ, ಮಧ್ಯೆ ಮರದ ರೈಲು ಅಡ್ಡ ನಿಂತಿದೆ. ರೋಬೋ ಔಷಧಿ ತಲುಪಿಸಬೇಕು. ಯಾರಿಗೆ ಜ್ವರ, ಅಂಗಡಿ ಎಲ್ಲಿ, ಇದೆಲ್ಲ ಮಗುವೇ ಹೇಳಲಿ. ನೀವು ಕಥೆ ಹೇಳಲು ಶುರು ಮಾಡಿದರೆ ಅವರು ಮತ್ತೆ ಪ್ರೇಕ್ಷಕರಾಗುತ್ತಾರೆ.

ಬಟನ್ ಮುಟ್ಟುವ ಮೊದಲು ಮಗು ತಾನೇ ಬೆರಳಲ್ಲಿ ಆ ದಾರಿ ನಡೆದು ನೋಡಲಿ. ಎರಡು ಕಡೆ ಎಲ್ಲ ಮಕ್ಕಳೂ ಎಡವುತ್ತಾರೆ. ಬಲಗಡೆ ಬಾಣ ಒತ್ತಿದರೆ ಅದು ಬಲಕ್ಕೆ ಹೋಗುತ್ತದೆ ಅಂದುಕೊಳ್ಳುತ್ತಾರೆ, ಆದರೆ ಅದು ನಿಂತಲ್ಲೇ ತಿರುಗುತ್ತದೆ ಅಷ್ಟೇ, ಹೋಗಬೇಕೆಂದರೆ ಆಮೇಲೆ ಮುಂದಕ್ಕೆ ಹೋಗುವ ಬಾಣವನ್ನೂ ಒತ್ತಬೇಕು. ಇನ್ನೊಂದು, ಹಿಂದಿನ ಸಲ ಒತ್ತಿದ್ದನ್ನು ಅಳಿಸಲು ಮರೆಯುತ್ತಾರೆ. ಆಗ ರೋಬೋ ಮೊದಲಿನ ದಾರಿಯನ್ನೂ ಸೇರಿಸಿಕೊಂಡು ಸೋಫಾ ಕೆಳಗೆ ಹೋಗಿ ಕೂರುತ್ತದೆ. ಎರಡನ್ನೂ ತಿದ್ದಲು ಹೋಗಬೇಡಿ. ‘ಯಾಕೆ ಅಲ್ಲಿಗೆ ಹೋಯ್ತು?’ ಅಂತ ಕೇಳಿ ಸುಮ್ನೆ ಇರಿ. ಸುಮ್ನಿರೋದೇ ಕಷ್ಟ, ನನಗೂ ಗೊತ್ತು.

ಇಬ್ಬರು ಮಕ್ಕಳಿದ್ದರೆ ಜಗಳ ಗ್ಯಾರಂಟಿ, ರೋಬೋ ಒಂದೇ ತಾನೇ. ಒಬ್ಬರು ಬಟನ್, ಇನ್ನೊಬ್ಬರು ದಾರಿ ಹೇಳುವವರು, ಆಮೇಲೆ ಅದಲುಬದಲು. ರೋಬೋ ಕೊಳ್ಳಲು ದುಡ್ಡು ಹಾಕುವ ಮನಸ್ಸಿಲ್ವಾ? ಅಂಗಳದಲ್ಲಿ ಕುಂಟೆಬಿಲ್ಲೆಯ ಹಾಗೆ ದೊಡ್ಡ ಚೌಕ ಬರೆದು ನೀವೇ ರೋಬೋ ಆಗಿ. ಹೇಳಿದ್ದನ್ನು ಹೇಳಿದಂತೆಯೇ ಮಾಡಿ, ಗೋಡೆಗೆ ಡಿಕ್ಕಿ ಹೊಡೆಯಬೇಕಾದರೂ ಸರಿ. ನಮ್ಮ ಮನೆಯಲ್ಲಿ ಈ ಆಟ ನಾಯಿಗಿಂತ ಜಾಸ್ತಿ ನಡೆಯುತ್ತದೆ.

ಚೆನ್ನೆಮಣೆಯನ್ನೂ ಹೊರಗೆ ತೆಗೆಯಿರಿ. ಲೆಕ್ಕ ಬೇಡ, ಒಂದೊಂದು ಗುಳಿಗೆ ಒಂದೊಂದು ಹುಣಸೆ ಬೀಜ ಹಾಕುತ್ತ ಹೋದರೆ ಸಾಕು. ಗುಲಗಂಜಿ ಮಾತ್ರ ಬೇಡವೇ ಬೇಡ, ಅಗಿದರೆ ವಿಷ. ಹುಣಸೆ ಬೀಜವೂ ಮೂಗಿಗೆ ಹೋಗಬಹುದು, ಪಕ್ಕದಲ್ಲೇ ಕೂತಿರಿ.

ಕಿರುಚುವ ರೋಬೋ ಆದರೆ ಸ್ಪೀಕರ್ ಮೇಲೆ ಎರಡು ಪದರ ಟೇಪ್ ಅಂಟಿಸಿ. ಸೆಲ್ ಮುಗಿದ ದಿನವೇ ಹೊಸದು ಹಾಕುವ ಅವಸರ ಮಾಡಬೇಡಿ, ಹಳೇದು ಸೋರುವ ಮುಂಚೆ ತೆಗೆದಿಟ್ಟು ರೋಬೋವನ್ನು ಉಳಿದ ಆಟಿಕೆಗಳ ಬುಟ್ಟಿಗೇ ಹಾಕಿ. ನಮ್ಮ ನಾಯಿಯ ಸೆಲ್ ಮುಗಿದು ಎರಡು ವಾರವಾಯಿತು. ಈಗ ಅದಕ್ಕೂ ಜ್ವರ, ಕುದುರೆಯ ಕರ್ಚೀಫಿನಲ್ಲೇ ಮಲಗಿದೆ.